ವಾಚನ ಮೇಜು, ಚೌಕ, ಒಂದು

ಕಳೆದ ಶನಿವಾರ ನಮ್ಮೂರಿನ ಪಂಚಾಯತ್ ಸಭಾಂಗಣದಲ್ಲಿ ಅವರಿಗೆ ಬೀಳ್ಕೊಡುಗೆ ಇತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊರಿನ ಗ್ರಂಥಾಲಯ ನಡೆಸಿದ ಹೆಂಗಸು ನಿವೃತ್ತರಾಗುವಾಗ ನಾಲ್ಕು ಮಾತು ಹೊಗಳುವುದು ನ್ಯಾಯವೇ. ಆದರೆ ಹೊಗಳಿದವರೆಲ್ಲ ತಪ್ಪು ಹೊಗಳಿದರು. ಮೊದಲು ಮಾತಾಡಿದವರು, "ಇವರ ಗ್ರಂಥಾಲಯದಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು, ಅಂಥ ಮೌನ" ಎಂದರು. ಎರಡನೆಯವರು, "ಹೆಣ್ಣುಮಕ್ಕಳು ಆಟ ಗೀಟ ಅಂತ ಸಮಯ ಹಾಳು ಮಾಡದೆ ಓದಿನಲ್ಲಿ ಮುಳುಗುವ ಹಾಗೆ ಮಾಡಿದ ಶಿಸ್ತಿನ ಸಿಪಾಯಿ" ಎಂದರು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಹಳೆಯ ಗೆಳತಿ ರೇಣುಕಾ ಚೂಡಿದಾರದ ವೇಲನ್ನು ಬಾಯಿಗೆ ತುರುಕಿಕೊಂಡಳು. ನಾನು ಚಪ್ಪಲಿಯ ಪಟ್ಟಿ ಸರಿಮಾಡುವ ನೆವದಲ್ಲಿ ಬಗ್ಗಿದವಳು ಎರಡು ನಿಮಿಷ ಮೇಲೆ ಏಳಲಿಲ್ಲ.

ವೇದಿಕೆಯಲ್ಲಿ ಶಾಲು ಹೊದ್ದು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅವರ ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ನಾನು ನೋಡುತ್ತಿದ್ದದ್ದು ಮುಖವನ್ನಲ್ಲ, ಬಲಗೈಯ ತೋರುಬೆರಳನ್ನು. ಅದು ಮೆಲ್ಲನೆ ಮಡಚಿಕೊಂಡು ಹೆಬ್ಬೆರಳಿನ ಹಿಂದೆ ಹೋಗಿ ಕೂತಿತು. ಮೈಕಿನ ಪಕ್ಕ ಒಂದು ನೀರಿನ ಬಾಟಲಿ ಇತ್ತು. ಅದರ ಸಡಿಲ ಮುಚ್ಚಳವನ್ನು ಭಾಷಣಕಾರರ ಬಾಯಿಗೆ ಹೊಡೆಯುವ ಲೆಕ್ಕಾಚಾರ ನಡೆಯುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಆ ಬೆರಳಿನ ಗುರಿ ತಪ್ಪುತ್ತಿರಲಿಲ್ಲ. ತಪ್ಪಿದ ಕೆಲವು ಸಂದರ್ಭಗಳು ಉಂಟು, ಅದನ್ನು ಆಮೇಲೆ ಹೇಳುತ್ತೇನೆ.

ಹೆಸರು ಮಾತ್ರ ಹೇಳುವ ಹಾಗಿಲ್ಲ. "ನಿಮ್ಮ ಬಗ್ಗೆ ಒಂದು ಬರೆಯುತ್ತೇನೆ ಟೀಚರ್" ಎಂದದ್ದಕ್ಕೆ ಅವರು, "ಬರಿ. ನನ್ನ ಹೆಸರು ಹಾಕಬೇಡ, ಊರಿನ ಹೆಸರೂ ಹಾಕಬೇಡ. ನನಗೆ ಆಫೀಸಿನಿಂದ ಇನ್ನೂ ಕೆಲವು ಕಾಗದ ಬರಲಿಕ್ಕೆ ಉಂಟು" ಎಂದಿದ್ದಾರೆ. ಹಾಗಾಗಿ ಕಾರ್ಕಳದಿಂದ ಕುಕ್ಕುಂದೂರು ದಾಟಿ ಇನ್ನೂ ಸ್ವಲ್ಪ ಒಳಗೆ ಹೋದರೆ ಸಿಗುವ ಊರು ಎಂದಷ್ಟೇ ತಿಳಿದುಕೊಳ್ಳಿ. ಅವರು ಶಾಲೆಯಲ್ಲಿ ಕಲಿಸಿದವರಲ್ಲ. ಆದರೆ ಕುರ್ಚಿ ಮೇಜು ಇರುವ ಹೆಂಗಸನ್ನೆಲ್ಲ ಟೀಚರ್ ಎನ್ನುವುದು ನಮ್ಮ ಕಡೆಯ ರೂಢಿ.

ಸಣ್ಣ ಆಳು. ತಲೆಯಲ್ಲಿ ಯಾವಾಗಲೂ ಶಂಕರಪುರದ ಮಲ್ಲಿಗೆಯ ಒಂದು ಗೇಣು. 'ಮೌನವಾಗಿರಿ' ಎಂಬ ಬೋರ್ಡಿನ ಕೆಳಗೆ ಅಷ್ಟು ವರ್ಷ ಕೂತು ಅವರಿಗೆ ಪಿಸುಮಾತೇ ಅಭ್ಯಾಸವಾಗಿಬಿಟ್ಟಿತ್ತು. ಮನೆಯಲ್ಲೂ ಪಿಸುಮಾತು, ಮೀನಿನವಳ ಹತ್ತಿರ ಚೌಕಾಸಿಗೂ ಪಿಸುಮಾತು. ಒಮ್ಮೆ ಬಸ್ಸಿನಲ್ಲಿ ಮುದುಕಿಯೊಬ್ಬಳನ್ನು ಗದರಿಸಿದ ಕಂಡಕ್ಟರನಿಗೆ ಅವರು ಪಿಸುಮಾತಿನಲ್ಲೇ ಬೈದರು. ಏನು ಬೈದರೆಂದು ಕೇಳಿಸಿಕೊಳ್ಳಲು ಇಡೀ ಬಸ್ಸು ಸುಮ್ಮನಾಯಿತು. ಡ್ರೈವರ್ ಹಾಡು ನಿಲ್ಲಿಸಿದ. ಆ ಕಂಡಕ್ಟರ್ ಆಮೇಲೆ ಒಂದು ವಾರ ಬೇರೆ ರೂಟಿನಲ್ಲಿ ಹೋದ.

ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗಿನ ಮಾತು ಇದು. ಮೊಬೈಲಿನಲ್ಲಿ ಹಾವು ಓಡಿಸುವ ಆಟ ಮಾತ್ರ ಇದ್ದ ಕಾಲ, ಅದೂ ಅಪ್ಪಂದಿರ ಮೊಬೈಲಿನಲ್ಲಿ. ನಮ್ಮೂರಿನ ಹುಡುಗರಿಗೆ ಏನೂ ಕಡಿಮೆ ಇರಲಿಲ್ಲ. ಕಟಾವು ಮುಗಿದ ಮರುದಿನವೇ ಗದ್ದೆಯಲ್ಲಿ ಸ್ಟಂಪು ಏಳುತ್ತಿತ್ತು. ಮಳೆಗಾಲಕ್ಕೆ ಕಬಡ್ಡಿ, ಶಾಲೆಯ ಹಿಂದೆ ವಾಲಿಬಾಲ್ ನೆಟ್ಟು, ಎರಡೆರಡು ಫ್ರೆಂಡ್ಸ್ ಕ್ಲಬ್ಬು, ಕ್ಲಬ್ಬಿಗೊಂದು ಜೆರ್ಸಿ. ನಮಗೆ ಟ್ಯೂಷನ್ ಇತ್ತು, ಭಜನೆ ಇತ್ತು, ಮನೆಯಲ್ಲಿ ಅಮ್ಮಂದಿರು ಕಟ್ಟುವ ಬೀಡಿಗೆ ಎಲೆ ಕತ್ತರಿಸಿ ಕೊಡುವುದಿತ್ತು. ಗದ್ದೆಯ ಬದುವಿನಲ್ಲಿ ನಿಂತು ಕ್ರಿಕೆಟ್ ನೋಡಿದರೂ, "ಅಲ್ಲಿ ಎಂತ ಕೆಲಸ ನಿನಗೆ" ಎಂದು ಯಾರಾದರೂ ದೊಡ್ಡಮ್ಮ ಕೇಳುತ್ತಿದ್ದರು. ಹೆಣ್ಣುಮಕ್ಕಳು ಕಾರಣ ಹೇಳದೆ ಹೋಗಬಹುದಾದ ಜಾಗ ಒಂದೇ ಇತ್ತು, ಗ್ರಂಥಾಲಯ. ಓದಲಿಕ್ಕೆ ಹೋಗುತ್ತೇನೆ ಎಂದವಳನ್ನು ತಡೆಯಲು ಯಾವ ಅಪ್ಪನಿಗೂ ಬಾಯಿ ಬರುವುದಿಲ್ಲ. ಟೀಚರ್ ಹಿಡಿದದ್ದು ಅದೇ ಎಳೆಯನ್ನು.

"ಗಂಡುಮಕ್ಕಳಿಗೆ ಗದ್ದೆ ಉಂಟು," ಎನ್ನುತ್ತಿದ್ದರು, "ನಿಮಗೆ ಎಂತ ಉಂಟು? ನಿಮಗೆ ನಾನು ಉಂಟು."

ಅವರ ತವರು ಕಾಪು. ಮೂವರು ಅಣ್ಣಂದಿರು, ಮನೆಯ ಜಗಲಿಯಲ್ಲಿ ಕೇರಂ ಬೋರ್ಡು. ತಂಗಿಗೆ ಕೊಟ್ಟ ಕೆಲಸ ಪೌಡರ್ ಹಾಕುವುದು ಮತ್ತು ಬಿದ್ದ ಕಾಯಿ ಹೆಕ್ಕುವುದು. ಸ್ಟ್ರೈಕರ್ ಮುಟ್ಟಿದರೆ ಕೈಗೆ ಪೆಟ್ಟು. ಮಧ್ಯಾಹ್ನ ಊಟ ಮಾಡಿ ಅಣ್ಣಂದಿರು ಮಲಗಿದ ಮೇಲೆ ಒಬ್ಬಳೇ ಕೂತು, ಶಬ್ದವಾಗದ ಹಾಗೆ, ನಾಲ್ಕೂ ಕಡೆಯಿಂದ ನಾಲ್ವರ ಆಟ ಆಡಿ ಅವರು ಕಲಿತದ್ದು. ಅಣ್ಣಂದಿರು ಒಬ್ಬೊಬ್ಬರೇ ದುಬೈಗೆ ಹೋದ ಮೇಲೆ ಬೋರ್ಡು ಅಟ್ಟ ಸೇರಿತು. ಅದನ್ನು ಇಳಿಸಿ, ಗೋಣಿ ಸುತ್ತಿ, ಕಾಪುವಿನಿಂದ ಉಡುಪಿಗೆ, ಉಡುಪಿಯಿಂದ ಕಾರ್ಕಳಕ್ಕೆ ಎರಡು ಬಸ್ಸು ಬದಲಿಸಿ ತಂದರು.

"ಎಂತ ಅಕ್ಕ ಇದು?" ಎಂದು ಬಸ್ಸಿನಲ್ಲಿ ಕೇಳಿದರಂತೆ.

"ಮೇಜು."

"ಕಾಲು ಎಲ್ಲಿ?"

"ಕಾಲು ಮುಂದಿನ ಬಸ್ಸಿಗೆ ಬರ್ತದೆ."

ಬೋರ್ಡಿನ ಬೆನ್ನಿಗೆ ಬಡಗಿಯಿಂದ ಹಲಗೆ ಹೊಡೆಸಿ, ಮೇಲೆ ಹಸಿರು ರೆಕ್ಸಿನ್ ಅಂಟಿಸಿ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ಪುಸ್ತಕದ ಪೆಟ್ಟಿಗೆಯ ಮೇಲೆ ಮಲಗಿಸಿದರು. ಬೆನ್ನು ಮೇಲಾದರೆ ಮೇಜು, ಹೊಟ್ಟೆ ಮೇಲಾದರೆ ಕೇರಂ. ಸಾಮಗ್ರಿಗಳ ರಿಜಿಸ್ಟರಿನಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಹೀಗೆ ಬರೆದರು: 'ವಾಚನ ಮೇಜು, ಚೌಕ, ಒಂದು. ದಾನಿಗಳಿಂದ.'

ಶಬ್ದದ ಸಮಸ್ಯೆ ದೊಡ್ಡದು. ಕೇರಂ ಕಾಯಿಗೆ ಬಾಯಿ ಮುಚ್ಚು ಎಂದರೆ ಅದು ಕೇಳುವುದಿಲ್ಲ. ಆದರೆ ನಮ್ಮ ಗ್ರಂಥಾಲಯ ಇದ್ದದ್ದು ಹಾಲಿನ ಸೊಸೈಟಿಯ ಮಾಳಿಗೆಯಲ್ಲಿ. ಸಂಜೆ ಐದರಿಂದ ಆರೂವರೆಯ ತನಕ ಕೆಳಗೆ ಹಾಲು ಅಳೆಯುವ ಹೊತ್ತು, ಕ್ಯಾನುಗಳ ಢಣಢಣ, ಹಾಲು ತಂದವರ ಮಾತು. ಆ ಗದ್ದಲದಲ್ಲಿ ಮಾಳಿಗೆಯ ಟಕಟಕ ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ನಮ್ಮ ಆಟದ ವೇಳಾಪಟ್ಟಿಯನ್ನು ನಿರ್ಧರಿಸುತ್ತಿದ್ದದ್ದು ಊರಿನ ಹಸುಗಳು. ಬೇಸಗೆಯಲ್ಲಿ ಹಾಲು ಕಡಿಮೆಯಾದರೆ ಆಟವೂ ಬೇಗ ಮುಗಿಯುತ್ತಿತ್ತು. ಯಾರ ಮನೆಯ ಹಸು ಕರು ಹಾಕಿದರೂ ನಮಗೆ ಸಂತೋಷ.

ತರಬೇತಿಯೂ ಇತ್ತು. ಮೆಟ್ಟಿಲಿನ ಸದ್ದಾದರೆ ಟೀಚರ್ ಮುಂದಿನ ಕೋಣೆಯಲ್ಲಿ ಬೀಗದಕೈ ಗೊಂಚಲನ್ನು ಕೆಳಗೆ ಬೀಳಿಸುತ್ತಿದ್ದರು. ಗೊಂಚಲು ಬಿತ್ತೋ, ಕಾಯಿಗಳು ಮಡಿಲಿಗೆ, ಸ್ಟ್ರೈಕರ್ ನಿಘಂಟಿನ ಹಿಂದಕ್ಕೆ, ಬೋರ್ಡು ಮಗುಚಿ, ಮೇಲೆ ಪತ್ರಿಕೆ ಹರಡಿ ನಾಲ್ವರೂ ಓದುತ್ತಾ ಕೂರಬೇಕು. ತಿಂಗಳಿಗೊಮ್ಮೆ ಅವರು ಯಾರೂ ಬಾರದಿದ್ದರೂ ಗೊಂಚಲು ಬೀಳಿಸಿ, ಕೈಗಡಿಯಾರ ನೋಡುತ್ತಾ ಒಳಗೆ ಬಂದು, "ನಿಧಾನ ಆಯ್ತು. ನಾನು ನಿಮ್ಮ ಅಪ್ಪ ಆಗಿದ್ರೆ?" ಎಂದು ಪಿಸುಗುಡುತ್ತಿದ್ದರು.

ಇಷ್ಟೇ ಆಗಿದ್ದರೆ ಅವರನ್ನು ತಂಟೆಕೋರ ಹೆಂಗಸು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವರದ್ದೊಂದು ಕಾನೂನಿತ್ತು. ಸೋತವರು ಓದಬೇಕು. ಜೋಡಿಯಾಗಿ ಆಡುತ್ತಿದ್ದೆವು, ಸೋತ ಜೋಡಿ ತಲೆಗೊಂದು ಪುಸ್ತಕ ಮನೆಗೆ ಒಯ್ಯಬೇಕು. ಒಂದು ವಾರದೊಳಗೆ ಓದಿ, ಆಟ ಶುರುವಾಗುವ ಮೊದಲು ಎಲ್ಲರ ಎದುರು ಅದರ ಕಥೆ ಹೇಳಬೇಕು. ಹೇಳದವಳಿಗೆ ಸ್ಟ್ರೈಕರ್ ಇಲ್ಲ.

ನನ್ನ ಬೆರಳಿಗೆ ಗುರಿ ಎಂಬುದು ಹುಟ್ಟಿನಿಂದಲೇ ಇಲ್ಲ. ನಾನು ಹೊಡೆದ ಸ್ಟ್ರೈಕರ್ ಕಾಯಿಗಳನ್ನು ಬಿಟ್ಟು ಎಲ್ಲವನ್ನೂ ಮುಟ್ಟಿ ಬರುತ್ತಿತ್ತು. ಎರಡು ವರ್ಷದಲ್ಲಿ ನಾನು ಆ ಗ್ರಂಥಾಲಯದ ಒಂದೂವರೆ ಕಪಾಟು ಮುಗಿಸಿದೆ. ಶಾಲೆಯಲ್ಲಿ ನನ್ನನ್ನು ಓದುವ ಹುಡುಗಿ ಎಂದು ಹೊಗಳತೊಡಗಿದರು. ನಿಜ ಹೇಳಿದರೆ ಮರ್ಯಾದೆ ಹೋಗುತ್ತಿತ್ತು.

ಒಂದು ವಾರ ಮನೆಯಲ್ಲಿ ನೆಂಟರು, ಪುಸ್ತಕ ತೆರೆಯಲಿಕ್ಕೇ ಆಗಲಿಲ್ಲ. ಸ್ಟ್ರೈಕರ್ ಬಿಟ್ಟುಕೊಡಲು ಮನಸ್ಸಿಲ್ಲದೆ, ಬೆನ್ನುಪುಟದ ನಾಲ್ಕು ಸಾಲು ನೋಡಿಕೊಂಡು, ಉಳಿದ ಕಥೆಯನ್ನು ನಾನೇ ಹೊಸೆದು ಹೇಳಿದೆ. ಒಬ್ಬ ಪೋಸ್ಟ್‌ಮ್ಯಾನ್, ಅವನು ಕೊಡದೆ ಇಟ್ಟುಕೊಂಡ ಒಂದು ಕಾಗದ, ಕಾಯುವ ಒಬ್ಬ ಮುದುಕಿ. ಟೀಚರ್ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ನಡುವೆ ನಿಲ್ಲಿಸಿದೆ, ಮುಂದೆ ಏನೂ ತೋಚಲಿಲ್ಲ.

"ಆ ಪುಸ್ತಕ ನಾನು ಓದಿದ್ದೇನೆ," ಎಂದರು. "ಅದರಲ್ಲಿ ಪೋಸ್ಟ್‌ಮ್ಯಾನ್ ಇಲ್ಲ."

ಉಳಿದವರು ಕಿಸಕ್ಕೆಂದರು.

"ಅದಿರಲಿ," ಎಂದು ಟೀಚರ್ ಮುಂದಕ್ಕೆ ಬಾಗಿದರು. "ಮುಂದೆ ಎಂತ ಆಯ್ತು?"

ಬೇರೆ ಯಾರಾದರೂ ಆಗಿದ್ದರೆ ಸುಳ್ಳಿ ಎನ್ನುತ್ತಿದ್ದರು. ಅವರು ಮಾತ್ರ ಮುಂದಿನದನ್ನು ಕೇಳಿದರು. ನಾನು ಮುಂದಿನದನ್ನು ಹೇಳಿದೆ, ಅಲ್ಲೇ ಹುಟ್ಟಿಸಿ. ಸ್ಟ್ರೈಕರ್ ಸಿಕ್ಕಿತು. ಕಳೆದ ವರ್ಷ ನನ್ನ ಮೊದಲ ಕಥೆಗಳ ಪುಸ್ತಕ ಬಂತು. ಅದರ ಒಂದು ಪ್ರತಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನು ಮೂರು ಸಲ ಆ ಮಾಳಿಗೆ ಹತ್ತಿದ್ದೇನೆ, ಮೂರು ಸಲವೂ ಕೊಡದೆ ಇಳಿದಿದ್ದೇನೆ. ಕಾಪುವಿನ ಪಿಯು ಕಾಲೇಜಿನಲ್ಲಿ ದಿನಾ ಕನ್ನಡ ಪಾಠ ಮಾಡುವವಳಿಗೆ ಒಬ್ಬರ ಎದುರು ಬ್ಯಾಗಿನ ಜಿಪ್ಪು ಎಳೆಯಲಿಕ್ಕೆ ಆಗುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವರಿಗೆ ಹಿಡಿಸದಿದ್ದರೆ ಎಂಬ ಭಯ.

ನಮ್ಮನ್ನು ಮೊದಲು ಸಿಕ್ಕಿಸಿಹಾಕಿದ್ದು ಪೌಡರ್. ನನ್ನ ಲಂಗದ ಮೇಲೆ ದಿನಾ ಬಿಳಿ ಪುಡಿ ಕಂಡ ಅಮ್ಮನಿಗೆ ಅನುಮಾನ ಬಂತು. ಗ್ರಂಥಾಲಯಕ್ಕೆ ಹೋಗುವ ಹುಡುಗಿ ಮುಖಕ್ಕೆ ಪೌಡರ್ ಮೆತ್ತಿಕೊಳ್ಳುವುದು ಯಾರಿಗೆ ತೋರಿಸಲಿಕ್ಕೆ? ಹುಡುಗ ಯಾರೆಂದು ಪತ್ತೆ ಮಾಡಲು, ಬೀಡಿ ಕಟ್ಟುವ ಮೊರವನ್ನು ಬದಿಗಿಟ್ಟು, ನಾನು ಶಾಲೆಯಲ್ಲಿದ್ದ ಹೊತ್ತು ನೋಡಿ ಅಮ್ಮ ಮಾಳಿಗೆ ಹತ್ತಿದಳು. ಒಂದು ಗಂಟೆ ಕಳೆದು ಬಂದವಳು ಆ ಮಾತೇ ಎತ್ತಲಿಲ್ಲ. ಆ ವಾರ ಮಾತ್ರ ನಮ್ಮ ಮನೆಯಲ್ಲಿ ಉತ್ತರ ಭಾರತದ ವಿಚಿತ್ರ ಅಡುಗೆಗಳು ಶುರುವಾದವು, ಅಪ್ಪ ಗಂಜಿ ಕೇಳಿ ಕೇಳಿ ಸೋತರು. ಅಮ್ಮ ಟೀಚರ್ ಎದುರು ಒಂದು ಬೋರ್ಡು ಸೋತು, ಕಾನೂನಿನ ಪ್ರಕಾರ ಅಡುಗೆ ಪುಸ್ತಕ ತಂದಿದ್ದಳು ಎಂದು ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ರೇಣುಕಾ ನಮ್ಮ ಜೊತೆ ಸೇರಿದ್ದು ಆ ವರ್ಷವೇ. ಅವಳ ಅಪ್ಪ ಅಮ್ಮ ಬಾಗಲಕೋಟೆ ಕಡೆಯವರು. ನಮ್ಮೂರಿನಲ್ಲಿ ದುಬೈ ಮನೆಗಳು ಏಳುತ್ತಿದ್ದ ಕಾಲ, ಕಟ್ಟುವ ಕೆಲಸಕ್ಕೆ ಬಂದವರು. ಎಂಟನೆಯ ಕ್ಲಾಸಿನ ಹುಡುಗಿ, ಕಡ್ಡಿಯಂಥ ಕೈ, ಆದರೆ ಸ್ಟ್ರೈಕರ್ ಹಿಡಿದರೆ ಎದುರಿನವರ ಎದೆ ಢವಢವ. "ನಾ ಸೋಲಂಗಿಲ್ರೀ ಟೀಚರ್," ಎಂದು ಮೊದಲ ದಿನವೇ ಹೇಳಿದ್ದಳು. ಹಾಗೆಯೇ ನಡೆದುಕೊಂಡಳು. ಐದು ತಿಂಗಳಲ್ಲಿ ಒಂದು ಪುಸ್ತಕವನ್ನೂ ಮನೆಗೆ ಒಯ್ಯಲಿಲ್ಲ. ನಮಗೆ ಅವಳ ಮೇಲೆ ಹೊಟ್ಟೆಕಿಚ್ಚು, ಟೀಚರ್‌ಗೆ ಅಚ್ಚರಿ.

ಒಂದು ಸಂಜೆ ಗೊಂಚಲು ಬಿತ್ತು. ತರಬೇತಿ ಎಂದುಕೊಂಡೆವು. ಆದರೂ ಬೋರ್ಡು ಮಗುಚಿ ಪತ್ರಿಕೆ ಹರಡಿದೆವು. ಒಳಗೆ ಬಂದದ್ದು ಉಡುಪಿಯಿಂದ ತಪಾಸಣೆಗೆ ಬಂದ ದೊಡ್ಡ ಸಾಹೇಬರು, ಹಿಂದೆ ಟೀಚರ್. ಅವಸರದಲ್ಲಿ ನಾವು ಒಂದು ತಪ್ಪು ಮಾಡಿದ್ದೆವು. ಬೋರ್ಡಿನ ತೂತುಗಳಿಗೆ ಬಿದ್ದಿದ್ದ ಕಾಯಿಗಳನ್ನು ತೆಗೆದಿರಲಿಲ್ಲ. ಮಗುಚಿದ ಕೂಡಲೇ ಅವು ಹೊರಬಿದ್ದು, ಬೋರ್ಡಿಗೂ ಪೆಟ್ಟಿಗೆಗೂ ನಡುವೆ ಸೆರೆಯಾಗಿದ್ದವು.

ಸಾಹೇಬರು ಕುರ್ಚಿ ಎಳೆದು ನಮ್ಮ ಮೇಜಿನ ಬಳಿಯೇ ಕೂತು, ಮೊಣಕೈ ಊರಿ, ಭೇಟಿ ಪುಸ್ತಕ ತೆರೆದರು. ಮೇಜು ಅಲುಗಿತು. ಒಳಗಿನಿಂದ ಗಡಗಡ ಎಂದಿತು.

"ಎಂತ ಶಬ್ದ ಇದು?"

"ಹಳೇ ಮೇಜು ಸರ್. ಗೆದ್ದಲು," ಎಂದು ಟೀಚರ್ ಪಿಸುಗುಟ್ಟಿದರು.

ಅವರು ಒಂದು ಸಾಲು ಬರೆದರು. ಮತ್ತೆ ಗಡಗಡ.

"ಗೆದ್ದಲು ಇಷ್ಟು ಶಬ್ದ ಮಾಡ್ತದಾ?"

"ಇಲ್ಲಿಯದ್ದು ಸ್ವಲ್ಪ ದೊಡ್ಡ ಸರ್."

ಸಾಹೇಬರು ಮೇಜಿನಿಂದ ಕೈ ತೆಗೆದರು. ತೋಳಿಗೆ ಬಿಳಿ ಪುಡಿ ಮೆತ್ತಿತ್ತು. ಅವರು ಕೇಳುವ ಮೊದಲೇ ಟೀಚರ್, "ಅದಕ್ಕೇ ಪೌಡರ್ ಹಾಕ್ತಾ ಇರುವುದು ಸರ್. ಪುಸ್ತಕಕ್ಕೂ ಹಾಕ್ತೇವೆ," ಎಂದು ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೊಡವಿದರು. ಪುಡಿ ಉದುರಿತು. ನಾವು ಕೈ ತೊಳೆಯದೆ ಮುಟ್ಟಿದ ಪುಸ್ತಕಗಳಿಗೆ ಆ ಕೋಣೆಯಲ್ಲಿ ಬರಗಾಲ ಇರಲಿಲ್ಲ.

'ಪುಸ್ತಕಗಳ ರಕ್ಷಣೆಗೆ ಕೈಗೊಂಡಿರುವ ಕ್ರಮ ಶ್ಲಾಘನೀಯ' ಎಂದು ಅವರು ಬರೆದರು. ಅಲ್ಲಿಗೆ ನಿಲ್ಲಿಸಿದ್ದರೆ ನಾವು ಅವರ ಫೋಟೋ ಹಾಕಿ ಪೂಜೆ ಮಾಡುತ್ತಿದ್ದೆವು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಗೆದ್ದಲು ಹಿಡಿದ ಚೌಕ ಮೇಜನ್ನು ಕೂಡಲೇ ಹರಾಜಿನ ಮೂಲಕ ವಿಲೇವಾರಿ ಮಾಡತಕ್ಕದ್ದು.'

ಅವರ ಜೀಪು ಹೋದ ಮೇಲೆ ನನಗೆ ಅಳು ಬಂತು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ನಮ್ಮದು ಎಂದು ಇದ್ದದ್ದು ಆ ಒಂದೂವರೆ ಗಂಟೆ. ಅದು ಹೋದರೆ ಉಳಿಯುವುದು ಗದ್ದೆಯ ಬದುವಿನಲ್ಲಿ ನಿಂತು ಬೈಸಿಕೊಳ್ಳುವುದು ಮಾತ್ರ.

ಟೀಚರ್ ಮರುದಿನವೇ ಹರಾಜು ನೋಟೀಸು ಬರೆದರು. ನಿಯಮದಂತೆ ಅದನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿದರು. ಯಾವ ಗೋಡೆ ಎಂದು ನಿಯಮ ಹೇಳಿರಲಿಲ್ಲ. ಅವರು ಹಿಂದಿನ ಕೋಣೆಯ ದೊಡ್ಡ ಕಪಾಟನ್ನು ನಮ್ಮಿಂದ ಎಳೆಯಿಸಿ, ಅದರ ಹಿಂದಿನ ಗೋಡೆಗೆ ಅಂಟಿಸಿ, ಕಪಾಟನ್ನು ಮತ್ತೆ ಒತ್ತರಿಸಿದರು. ನಿಗದಿತ ದಿನ ಬೆಳಿಗ್ಗೆಯಿಂದ ಸಂಜೆಯ ತನಕ ಹರಾಜುದಾರರಿಗಾಗಿ ಬಹಳ ಗಂಭೀರವಾಗಿ ಕಾದರು. ಯಾರೂ ಬರಲಿಲ್ಲ. 'ಕೊಳ್ಳುವವರು ಹಾಜರಾಗದ ಕಾರಣ ಮೇಜನ್ನು ದುರಸ್ತಿ ಮಾಡಿ ಬಳಕೆಯಲ್ಲಿ ಇಡಲಾಗಿದೆ. ಗೆದ್ದಲು ಸಂಪೂರ್ಣ ನಿವಾರಣೆಯಾಗಿದೆ' ಎಂದು ಉಡುಪಿಗೆ ಬರೆದರು. ಇಲ್ಲದ ಗೆದ್ದಲನ್ನು ಅಷ್ಟು ಪೂರ್ತಿಯಾಗಿ ನಿವಾರಿಸಿದವರು ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು.

ಆದರೆ ಆ ತಪಾಸಣೆಯ ಸಂಜೆ ಟೀಚರ್ ಇನ್ನೊಂದನ್ನು ಕಂಡಿದ್ದರು. ನಾವೆಲ್ಲ ಸಾಹೇಬರನ್ನು ನೋಡುತ್ತಿದ್ದಾಗ ಅವರು ರೇಣುಕಾಳ ಕೈಯನ್ನು ನೋಡಿದ್ದರು. ಅವಳು ಪತ್ರಿಕೆ ಹಿಡಿದದ್ದು ತಲೆಕೆಳಗಾಗಿ. ಕೆಲಸ ಮುಗಿದಲ್ಲೆಲ್ಲ ಊರು ಬದಲಾಗಿ, ಶಾಲೆ ಬದಲಾಗಿ, ಹುಡುಗಿಗೆ ಅಕ್ಷರಗಳು ಕೂಡಿಕೊಂಡೇ ಇರಲಿಲ್ಲ. ಅವಳು ಒಂದು ಆಟವನ್ನೂ ಸೋಲದೆ ಇದ್ದದ್ದು ಯಾಕೆಂದು ಅವರಿಗೆ ಆಗ ಅರ್ಥವಾಯಿತು, ನಮಗೆ ಬಹಳ ಆಮೇಲೆ. ಸೋತರೆ ಓದಬೇಕಿತ್ತಲ್ಲ.

ಟೀಚರ್ ಯಾರಿಗೂ ಏನೂ ಹೇಳಲಿಲ್ಲ. "ರೇಣುಕಾ, ನಾನೂ ನೀನೂ ಒಂದು ಬೋರ್ಡು ಆಡುವ," ಎಂದರು. ನಾವು ಸುತ್ತ ನಿಂತೆವು. ಬೆಕ್ಕು ಇಲಿಯ ಆಟ ನೋಡಲು ಸಿಕ್ಕಿತೆಂದು ನಮಗೆ ಖುಷಿ. ಕೊನೆಗೆ ಟೀಚರದ್ದು ಒಂದೇ ಕಾಯಿ ಉಳಿಯಿತು, ತೂತಿನ ಅಂಚಿನಲ್ಲಿ, ಊದಿದರೆ ಬೀಳುವ ಹಾಗೆ. ಅವರ ಬೆರಳು ಮಡಚಿತು. ಹೊಡೆದರು. ಸ್ಟ್ರೈಕರ್ ಕಾಯಿಯ ಪಕ್ಕದಿಂದ ಹಾದುಹೋಯಿತು.

ಮರು ಹೊಡೆತಕ್ಕೆ ರೇಣುಕಾ ತನ್ನ ಕೊನೆಯ ಕಾಯಿ ಹಾಕಿದಳು. "ಸೋತೆ ಮಾರಾಯ್ತಿ," ಎಂದು ಟೀಚರ್ ಕಪಾಟಿನಿಂದ ಪುಸ್ತಕ ತೆಗೆದರು. "ಸೋತವರು ಓದಬೇಕು. ನನ್ನ ಕಣ್ಣು ಸರಿ ಇಲ್ಲ, ಸಾಲು ತಪ್ಪಿದರೆ ನೀನು ಬೆರಳಿಟ್ಟು ತೋರಿಸಬೇಕು ಆಯ್ತಾ?"

ಆ ವರ್ಷ ಅವರು ರೇಣುಕಾಳ ಎದುರು ಎಷ್ಟು ಸಲ ಸೋತರೋ ಲೆಕ್ಕವಿಲ್ಲ. ಪ್ರತಿ ಸಲವೂ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲನೆ ಓದುವುದು, ಬೇಕೆಂದೇ ಸಾಲು ತಪ್ಪಿಸುವುದು. "ಅಲ್ಲರೀ ಟೀಚರ್, ಇದರ ಕೆಳಗಿಂದು," ಎಂದು ಅವಳು ಬೆರಳಿಡುವುದು. ಮಳೆಗಾಲ ಮುಗಿಯುವಷ್ಟರಲ್ಲಿ ರೇಣುಕಾ ಬೆರಳಿಡುವುದನ್ನು ಬಿಟ್ಟು ತಾನೇ ಓದತೊಡಗಿದ್ದಳು. ಅದಾದ ಮರುವಾರ ಅವಳು ಮೊದಲ ಸಲ ಆಟ ಸೋತಳು, ನನ್ನ ಜೋಡಿಗೆ. ಸೋತು ನಗುತ್ತಾ ಹೋಗಿ ಕಪಾಟಿನ ಎದುರು ನಿಂತಳು. ಈಗ ಅವಳು ಮಣಿಪಾಲದ ಒಂದು ಔಷಧದಂಗಡಿಯಲ್ಲಿ ಕೌಂಟರಿನಲ್ಲಿದ್ದಾಳೆ, ಡಾಕ್ಟರರ ಕೈಬರಹ ಓದುತ್ತಾಳೆ. ಅದನ್ನು ನನಗೂ ಓದಲು ಬರುವುದಿಲ್ಲ.

ಶನಿವಾರ ಸಭೆ ಮುಗಿದು ಪೇಪರ್ ಪ್ಲೇಟಿನ ಉಪ್ಪಿಟ್ಟು ಖಾಲಿಯಾದ ಮೇಲೆ ನಾವಿಬ್ಬರೂ ಟೀಚರ್ ಹಿಂದೆ ಮಾಳಿಗೆ ಹತ್ತಿದೆವು. ಮೆಟ್ಟಿಲಿನಲ್ಲಿ ಈಗಿನ ನಾಲ್ಕು ಹುಡುಗಿಯರು ಸಪ್ಪೆ ಮುಖ ಮಾಡಿ ಕೂತಿದ್ದರು. ಕೈಯಲ್ಲಿ ಮೊಬೈಲ್ ಇದ್ದರೂ ಯಾರೂ ಅದನ್ನು ನೋಡುತ್ತಿರಲಿಲ್ಲ. ಕೆಳಗೆ ಸೊಸೈಟಿಗೆ ಯಂತ್ರ ಬಂದು ಕ್ಯಾನಿನ ಸದ್ದು ಕಡಿಮೆಯಾಗಿ ಕೆಲವು ವರ್ಷವಾಯಿತು. ಅಂದಿನಿಂದ ಹಿಂದಿನ ಕೋಣೆಯಲ್ಲಿ ಕಟಕಟ ಎನ್ನುವ ಒಂದು ಫ್ಯಾನಿದೆ, ಅದನ್ನು ರಿಪೇರಿ ಮಾಡಲು ಟೀಚರ್ ಯಾರನ್ನೂ ಬಿಟ್ಟಿಲ್ಲ.

ಟೀಚರ್ ಜಾಗಕ್ಕೆ ಹೊಸದಾಗಿ ಬಂದಿರುವ ಯುವಕ ರಿಜಿಸ್ಟರ್ ಹಿಡಿದು ಒಂದೊಂದೇ ಸಾಮಾನು ಒಪ್ಪಿಸಿಕೊಳ್ಳುತ್ತಿದ್ದ. ಇಸ್ತ್ರಿ ಮಾಡಿದ ಶರ್ಟು, ಕಿಸೆಯಲ್ಲಿ ಎರಡು ಪೆನ್ನು. ನನಗೆ ಅವನನ್ನು ನೋಡಿಯೇ ಹೆದರಿಕೆಯಾಯಿತು. ಇವನು ಕಾನೂನಿನವನು, ಇಂದಿಗೆ ಈ ಕೋಣೆಯ ಆಟ ಮುಗಿಯಿತು ಎಂದುಕೊಂಡೆ.

"ವಾಚನ ಮೇಜು, ಚೌಕ, ಒಂದು," ಎಂದು ಓದಿದ. ಮೇಜು ನೋಡಿದ. ಬಗ್ಗಿ ಅಂಚು ಮುಟ್ಟಿದ. ಬೆರಳಿಗೆ ಹತ್ತಿದ ಬಿಳಿ ಪುಡಿಯನ್ನು ಉಜ್ಜಿ ನೋಡಿದ. "ಇದರ ಇನ್ನೊಂದು ಬದಿಯಲ್ಲಿ ಎಂತ ಉಂಟು ಮೇಡಂ?"

"ಅದನ್ನು ರಿಜಿಸ್ಟರಿನಲ್ಲಿ ಕೇಳಿಲ್ಲ," ಎಂದರು ಟೀಚರ್.

ಅವನು ಅವರನ್ನು ನೋಡಿದ, ಬಾಗಿಲ ಬಳಿ ಬಂದು ನಿಂತಿದ್ದ ಹುಡುಗಿಯರನ್ನು ನೋಡಿದ, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನನ್ನೂ ನೋಡಿದ. ಆಮೇಲೆ ಸಹಿ ಹಾಕಿ, ಪೆನ್ನನ್ನು ಕಿಸೆಗೆ ಸೇರಿಸಿ, ಪಿಸುಮಾತಿನಲ್ಲಿ ಕೇಳಿದ: "ಪೌ‌ಡರ್ ಎಲ್ಲಿಂದ ತರಿಸುವುದು ಮೇಡಂ?"

ಹುಡುಗಿಯರು ಮೇಜು ಮಗುಚಿದರು. ಮೊದಲ ಬೋರ್ಡು ನಮಗೆ ಬಿಟ್ಟುಕೊಟ್ಟರು. ಟೀಚರ್ ನನ್ನ ಎದುರು ಕೂತರು. ನಾನು ಎಂದಿನ ಹಾಗೆ ಎಲ್ಲವನ್ನೂ ಮುಟ್ಟಿ ಕಾಯಿಗಳನ್ನು ಮಾತ್ರ ಬಿಟ್ಟೆ. ಆದರೂ ಆಟ ಯಾಕೋ ಮುಗಿಯುತ್ತಿರಲಿಲ್ಲ. ಟೀಚರ್ ಹೊಡೆದ ಸ್ಟ್ರೈಕರ್ ನನ್ನ ಕಾಯಿಗಳನ್ನೇ ಒಂದೊಂದಾಗಿ ತೂತಿನ ಬಾಯಿಗೆ ತಂದು ನಿಲ್ಲಿಸುತ್ತಿತ್ತು. ಕೊನೆಗೆ ನನ್ನದೊಂದು, ಅವರದೊಂದು. ಅವರದ್ದು ಅಂಚಿನಲ್ಲಿ, ಊದಿದರೆ ಬೀಳುವ ಹಾಗೆ. ಬೆರಳು ಹೆಬ್ಬೆರಳಿನ ಹಿಂದೆ ಹೋಯಿತು. ರೇಣುಕಾ ನನ್ನ ಭುಜ ಒತ್ತಿದಳು. ಅವಳಿಗೆ ಗೊತ್ತಿತ್ತು.

ಸ್ಟ್ರೈಕರ್ ಕಾಯಿಯ ಪಕ್ಕದಿಂದ ಹಾದುಹೋಯಿತು. ನನ್ನ ಕಾಯಿಯನ್ನು ನಾನು ಹಾಕಿದೆ. ಅದನ್ನು ತಪ್ಪಿಸುವುದು ನನ್ನಿಂದಲೂ ಸಾಧ್ಯವಿರಲಿಲ್ಲ.

"ಸೋತೆ ಮಾರಾಯ್ತಿ," ಎಂದು ಟೀಚರ್ ಕೈ ಚಾಚಿದರು. "ತಾ."

"ಎಂತ ಟೀಚರ್?"

"ಬ್ಯಾಗಿನಲ್ಲಿ ಇರುವುದು. ಮೂರು ಸಲ ತಂದು ಮೂರು ಸಲ ವಾಪಸು ಕೊಂಡೋದದ್ದು ನನಗೆ ಕಾಣಲಿಲ್ಲ ಅಂತ ಎಣಿಸಿದ್ಯಾ?"

ಕೊಟ್ಟೆ. ಅವರು ಹೊದಿಕೆಯನ್ನು ಸವರಿದರು. ನನ್ನ ಹೆಸರಿನ ಮೇಲೆ ಬಿಳಿ ಬೆರಳಚ್ಚು ಬಿತ್ತು, ಒರೆಸಲಿಲ್ಲ. "ಬರುವ ಶನಿವಾರ ಐದು ಗಂಟೆಗೆ ಇಲ್ಲಿಗೇ ಬಾ," ಎಂದರು. "ಕಥೆ ಹೇಳ್ತೇನೆ. ಸೋತವರು ಹೇಳಬೇಕಲ್ವಾ."

ಇವತ್ತು ಗುರುವಾರ. ಸೋಮವಾರದಿಂದ ಪಾಠದಲ್ಲಿ ಮನಸ್ಸಿಲ್ಲ. ಆ ಪುಸ್ತಕದ ಒಂದು ಕಥೆಯಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಇದ್ದಾನೆ. ಅವನು ಆ ಕಾಗದವನ್ನು ಮುದುಕಿಗೆ ಕೊಟ್ಟನೋ ಇಲ್ಲವೋ ಎಂದು ನಾನು ಅದರಲ್ಲಿ ಬರೆದಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅಲ್ಲಿಯ ತನಕ ಬಂದಾಗ ಟೀಚರ್ ಪುಸ್ತಕ ಮುಚ್ಚಿ ನನ್ನನ್ನು ನೋಡುತ್ತಾರೆ, ಏನು ಕೇಳುತ್ತಾರೆಂಬುದೂ ನನಗೆ ಗೊತ್ತುಂಟು. ಈ ಸಲ ಅವರನ್ನು ನಾನೇ ಮೊದಲು ಕೇಳಬೇಕು ಎಂದು ನಿಶ್ಚಯಿಸಿದ್ದೇನೆ: "ಮುಂದೆ ಎಂತ ಆಯ್ತು, ಟೀಚರ್?"